ಬಸವ್ವನ ಒಂದು ‘ಛಲೋ’

ಸಿದ್ದಪ್ಪನಿಗೆ ನಲವತ್ತಾರು ವರ್ಷ. ಈ ನಲವತ್ತಾರು ವರ್ಷಗಳಲ್ಲಿ ಅವನ ತಾಯಿ ಬಸವ್ವ, ಅವನಿಗೆ ಸಂಬಂಧಪಟ್ಟ ಒಂದೇ ಒಂದು ವಸ್ತುವನ್ನೂ ‘ಛಲೋ ಐತಿ’ ಎಂದವಳಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದಾಗ ಅಂಕಪಟ್ಟಿಯನ್ನು ತಿರುಗಿಸಿ ನೋಡಿ, ‘ಏನೈತಿ ಇದರಾಗ’ ಎಂದಳು. ಮದುವೆಗೆಂದು ದಾನೇಶ್ವರಿಯನ್ನು ನೋಡಿಕೊಂಡು ಬಂದಾಗ ‘ಏನೈತಿ, ಎಲ್ಲಾರಿಗಿದ್ದಂಗ ಮೂಗು ಐತಿ’ ಎಂದಳು. ದುಬೈಯಲ್ಲಿ ನೌಕರಿ ಸಿಕ್ಕಿತೆಂದು ಅವನು ಊರಿಗೆಲ್ಲ ಪೇಡೆ ಹಂಚಿದಾಗ, ಒಂದನ್ನು ಬಾಯಿಗೆ ಹಾಕಿಕೊಂಡು ‘ಸಕ್ರಿ ಹೆಚ್ಚಾಗೇತಿ’ ಎಂದು ತೀರ್ಪು ಕೊಟ್ಟಳು.

ಅಂಥ ಬಸವ್ವ ಒಂದು ತಿಂಗಳ ವಿಸಿಟ್ ವೀಸಾದ ಮೇಲೆ ಬೈಲಹೊಂಗಲದಿಂದ ಬಂದು ಇಪ್ಪತ್ತೊಂಬತ್ತು ದಿನಗಳಾಗಿದ್ದವು. ಸೋಮವಾರ ಬೆಳಿಗ್ಗೆ ವಿಮಾನ. ಅಷ್ಟರೊಳಗೆ ಒಂದು ಸಲ, ಒಂದೇ ಒಂದು ಸಲ, ತಾಯಿಯ ಬಾಯಿಂದ ‘ಛಲೋ’ ಅನ್ನಿಸಿಕೊಳ್ಳಬೇಕೆಂದು ಸಿದ್ದಪ್ಪ ಹಟ ತೊಟ್ಟಿದ್ದ. “ನೋಡವ್ವಾ, ನಮ್ಮ ದುಬೈ ಟಾವರ್” ಎಂದು ಆಕಾಶಕ್ಕೆ ಬೆರಳು ತೋರಿಸಿದ. “ಇಷ್ಟ ಎತ್ತರ ಕಟ್ಟಿ ಮ್ಯಾಲ ಏನ್ ಒಣಗ ಹಾಕ್ತಾರ?” ಎಂದಳು. “ಇದು ನಮ್ಮ ಮಾಲ್” ಎಂದು ಮೂರು ತಾಸು ನಡೆಸಿದ. “ಚಪ್ಪಲಿ ಸವದೂವು” ಎಂದಳು.

ಹಾಗೆಂದು ಬಸವ್ವನಿಗೆ ಆ ಶಬ್ದವೇ ಗೊತ್ತಿರಲಿಲ್ಲ ಎಂದಲ್ಲ. ಪಕ್ಕದ ಫ್ಲ್ಯಾಟಿನ ವಿಲ್ಫ್ರೆಡ್ ಅವರ ಹೆಂಡತಿ ಲೂರ್ದ್ ಬಾಯಿ ಹೊಸ ಪರದೆ ಹಾಕಿದಾಗ “ಎಷ್ಟ ಛಲೋ ಐತಿ ಪರದೆ!” ಎಂದು ಬಾಗಿಲಲ್ಲಿ ನಿಂತು ಬಾಯ್ತುಂಬ ಹೊಗಳಿದ್ದಳು. ಕಟ್ಟಡದ ಲಿಫ್ಟನ್ನೂ ಹೊಗಳಿದ್ದಳು. ಪರದೆಯ ಕೋಲು ಮರುದಿನ ಗೋಡೆಯಿಂದ ಕಿತ್ತುಬಂತು, ಲಿಫ್ಟು ಎರಡು ದಿನ ನಿಂತಿತು ಎನ್ನುವುದು ಬೇರೆ ಮಾತು. ಸಿದ್ದಪ್ಪನಿಗೆ ಹೊಟ್ಟೆ ಉರಿದದ್ದು ಮಾತ್ರ ಹೊಗಳಿಕೆಗೆ. ಹೆತ್ತ ಮಗನಿಗೆ ಸಿಗದ ಛಲೋ ಲಿಫ್ಟಿಗೆ ಸಿಕ್ಕಿತಲ್ಲ!

ಕೊನೆಯ ಅಸ್ತ್ರವಾಗಿ ಸಿದ್ದಪ್ಪ ಭಾನುವಾರಕ್ಕೆ ಒಂದು ಸ್ಪೋರ್ಟ್ಸ್ ಕಾರನ್ನು ಬಾಡಿಗೆಗೆ ಹಿಡಿದ. ಅದರಲ್ಲಿ ತಾಯಿಯನ್ನು ಕೂರಿಸಿಕೊಂಡು ಅಲ್ ಖುದ್ರಾ ಕಡೆಯ ಮರುಭೂಮಿ ತೋರಿಸಿ ಬರುವುದು ಯೋಜನೆ. ಅಲ್ ಬರ್ಷಾದಲ್ಲಿ ಕಾರು ಕೊಟ್ಟವನು ಕಾನ್ರಾಡ್ ಎಂಬ ಉಡುಪಿ ಕಡೆಯವ. ಕೀಲಿಕೈಯನ್ನು ಕೊಡುವಾಗ, ಮಗಳನ್ನು ಗಂಡನ ಮನೆಗೆ ಕಳಿಸುವ ತಂದೆಯಂತೆ ಅವನು ಕೈಯನ್ನು ಎರಡು ಸಲ ಹಿಂದಕ್ಕೆಳೆದುಕೊಂಡ.

“ಒಂದೇ ಮಾತು ಸಿದ್ದಪ್ಪನವರೇ. ಡಾಂಬರು ಬಿಟ್ಟು ಕೆಳಗೆ ಇಳಿಸಬೇಡಿ ಮಾರಾಯ್ರೆ. ಇದರ ಹೊಟ್ಟೆಗೂ ನೆಲಕ್ಕೂ ನಾಲ್ಕು ಬೆರಳು ಉಂಟು, ಅಷ್ಟೇ. ಗಾಡಿ ಎಲ್ಲಿ ಉಂಟು ಅಂತ ನನಗೆ ಮೊಬೈಲಲ್ಲಿ ಕಾಣ್ತದೆ, ನೆನಪಿರಲಿ.”

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಮನೆಯ ಮುಂದೆ ಆ ಕೆಂಪು ಕಾರು ಬಂದು ನಿಂತಾಗ ಬೆಳಗಿನ ಏಳು ಗಂಟೆ. ಬುತ್ತಿಯ ಗಂಟು ಹಿಡಿದು ಕೆಳಗೆ ಬಂದ ಬಸವ್ವ ಅದನ್ನು ಒಂದು ಸುತ್ತು ಹಾಕಿದಳು.

“ಯಾರ್ದೋ ಇದು?”

“ನಮ್ದವ್ವಾ” ಎಂದ ಸಿದ್ದಪ್ಪ. ‘ಇವತ್ತಿನ ಮಟ್ಟಿಗೆ’ ಎಂದು ಸೇರಿಸುವ ಪ್ರಾಮಾಣಿಕ ಇರಾದೆ ಅವನಿಗಿತ್ತು. ಆದರೆ ನಾಲಿಗೆ ಎಂಬುದು ಎಲುಬಿಲ್ಲದ ವಸ್ತು, ಬೇಕಾದಲ್ಲಿ ನಿಂತುಬಿಡುತ್ತದೆ.

“ಮ್ಯಾಲ ಮಾಳಗಿ ಎಲ್ಲಿ?”

“ಇದಕ್ಕ ಮಾಳಗಿ ಇರಂಗಿಲ್ಲವ್ವಾ.”

“ಹಿಂದಿನ ಸೀಟ?”

“ಅದೂ ಇರಂಗಿಲ್ಲ.”

“ಮಾಳಗಿ ಇಲ್ಲ, ಸೀಟ ಇಲ್ಲ. ಅರ್ಧಾ ಗಾಡಿ ಕೊಟ್ಟ ಕಳಿಸ್ಯಾರ ನಿನಗ. ನೋಡಿ ತಗೊಳ್ಳಾಕ ಬರಂಗಿಲ್ಲೇನ? ಏನೈತಿ ಇದರಾಗ!”

ಎರಡೇ ಸೀಟು ಎಂಬ ಸಂಗತಿ ಸಿದ್ದಪ್ಪನಿಗೂ ಹೊಳೆದದ್ದು ಆಗಲೇ. ಹೆಂಡತಿ ದಾನೇಶ್ವರಿ, ಮಗ ಅಭಿಜೀತ ಇಬ್ಬರೂ ಬೂಟು ಹಾಕಿಕೊಂಡು ನಿಂತಿದ್ದರು. ಇವರಿಬ್ಬರನ್ನು ಕರೆತರುವ ಹೊಣೆ ಕೊನೆಗೆ ವಿಲ್ಫ್ರೆಡ್ ಮೇಲೆ ಬಿತ್ತು. ಯಾವುದರಲ್ಲಿ? ಬಿಳಿಯ ಡಬಲ್ ಕ್ಯಾಬಿನ್ ಪಿಕಪ್ಪಿನಲ್ಲಿ. ಇಲ್ಲಿ ಓದುಗರಿಗೆ ಒಂದು ಗುಟ್ಟು ಹೇಳಬೇಕು. ಆ ಪಿಕಪ್ಪು ಸಿದ್ದಪ್ಪನದೇ. ಅಂದರೆ ಅವನು ಕೆಲಸ ಮಾಡುವ ಮಸಾಲೆ ಕಾರ್ಖಾನೆ ಅವನಿಗೆ ಕೊಟ್ಟದ್ದು. ಹನ್ನೊಂದು ವರ್ಷಗಳಿಂದ ಅವನು ಅದರಲ್ಲಿ ಮೆಣಸಿನಪುಡಿ, ಧನಿಯಾಪುಡಿ ಹೇರಿಕೊಂಡು ದುಬೈ, ಅಬುಧಾಬಿ ತಿರುಗುತ್ತಿದ್ದ. ಆದರೆ ಊರಿಗೆ ಫೋನಿನಲ್ಲಿ ‘ಮ್ಯಾನೇಜರ್’ ಎಂದು ಹೇಳಿಯಾಗಿತ್ತಲ್ಲ. ಮ್ಯಾನೇಜರನ ಗಾಡಿಯಲ್ಲಿ ಕೂತರೆ ಸೀನು ಬರಬಾರದು. ಹೀಗಾಗಿ ತಾಯಿ ಬಂದ ದಿನವೇ ‘ಆ ಬಿಳೇದು ವಿಲ್ಫ್ರೆಡ್ ಅವರ್ದು’ ಎಂದು ಸಾರಿ, ಒಂದು ತಿಂಗಳಿಂದ ಅದನ್ನು ಕಟ್ಟಡದ ಹಿಂದೆ ನಿಲ್ಲಿಸುತ್ತಿದ್ದ. ಈಗ ನೋಡಿದರೆ ತನ್ನದಲ್ಲದ ಕೆಂಪು ಗಾಡಿ ತನ್ನದಾಯಿತು, ತನ್ನದಾದ ಬಿಳಿ ಗಾಡಿ ವಿಲ್ಫ್ರೆಡ್ಡನದಾಯಿತು. ಒಂದು ಸುಳ್ಳಾದರೆ ಹೇಗಾದರೂ ಸಾಕಬಹುದು, ಜೋಡಿ ಸುಳ್ಳು ಕಟ್ಟಿಕೊಂಡವನಿಗೆ ನೆಮ್ಮದಿಯಿಲ್ಲ.

“ಡ್ಯಾಡ್, ವೈ ಈಸ್ ಅಂಕಲ್ ಡ್ರೈವಿಂಗ್ ಯುವರ್…” ಎಂದು ಅಭಿಜೀತ ಬಾಯಿ ತೆರೆದ. ದಾನೇಶ್ವರಿ ಅವನ ಬಾಯಿಗೆ ಶೇಂಗಾ ಹೋಳಿಗೆ ತುರುಕಿದಳು.

ಹೊಸ ಗಾಡಿ ಪೂಜೆಯಿಲ್ಲದೆ ಹೊರಡುವುದುಂಟೇ? ಬಸವ್ವ ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು ಇಟ್ಟಳು. ಬಾನೆಟ್ಟಿನ ಮೇಲೆ ಮೂರು ಬೆರಳಿನಿಂದ ಅಡ್ಡಲಾಗಿ ವಿಭೂತಿ ಎಳೆದಳು. ಐದನೆಯ ನಿಂಬೆಹಣ್ಣಿಗೆ ಏಳು ಹಸಿಮೆಣಸಿನಕಾಯಿ ಪೋಣಿಸಿ, ಕಟ್ಟಲು ಬೇರೆ ಜಾಗ ಕಾಣದೆ ಮುಂದಿನ ನಂಬರ್ ಪ್ಲೇಟಿಗೇ ಜೋತುಬಿಟ್ಟಳು. ಬಾಲ್ಕನಿಗಳಲ್ಲಿ ಐದಾರು ದೇಶಗಳ ಜನ ಹಲ್ಲುಜ್ಜುತ್ತ ನಿಂತು ನೋಡಿದರು. ಸಿದ್ದಪ್ಪ ವಿಭೂತಿಯ ಕೆಳಗೆ ಗೀರು ಬಿದ್ದಿತೋ ಎಂದು ಬಗ್ಗಿ ಬಗ್ಗಿ ನೋಡುತ್ತಿದ್ದ. ತಾಯಿ ಮಾತ್ರ ಮಗ ಗಾಡಿಗೆ ನಮಸ್ಕಾರ ಮಾಡುತ್ತಿದ್ದಾನೆಂದು ತಿಳಿದಳು.

“ಯಲ್ಲಾ, ಹೊರಡುವ!” ಎಂದರು ವಿಲ್ಫ್ರೆಡ್, ಪಿಕಪ್ಪಿನಿಂದ ತಲೆ ಹೊರಹಾಕಿ.

“ಎಲ್ಲಾ ತಗೊಂಡೇವಿ, ಬುತ್ತಿ ಸೈತ” ಎಂದಳು ಬಸವ್ವ. ಆಮೇಲೆ ಮಗನತ್ತ ಬಾಗಿ, “ಈ ದೇಶದ ಮಂದಿಗೆ ಒಂದ ಚಟ ನೋಡು. ಟ್ಯಾಕ್ಸಿಯಾಂವ ಎಲ್ಲಾ ಎಲ್ಲಾ ಅಂತಾನ, ಅಂಗಡ್ಯಾಂವ ಎಲ್ಲಾ ಎಲ್ಲಾ ಅಂತಾನ. ಸ್ವಲ್ಪ ಅನ್ನೂದ ಒಬ್ಬನ ಬಾಯಾಗೂ ಇಲ್ಲ” ಎಂದಳು. ಅರಬ್ಬರ ಯಲ್ಲಾ ಎಂದರೆ ‘ನಡಿ ನಡಿ’ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಸಿದ್ದಪ್ಪ ಆಗ ಹೇಳಬಹುದಿತ್ತು. ಅವನ ಗಮನವೆಲ್ಲ ಗೀರಿನ ಮೇಲಿತ್ತು.

ಮೊದಲ ಸಿಗ್ನಲಿನಲ್ಲೇ ಫೋನು ಬಂತು. ಮಗ ಗಾಡಿ ತಗೊಂಡ ಸುದ್ದಿಯನ್ನು ಬಸವ್ವ ಪೂಜೆಯ ನಡುವೆಯೇ ಮೈದುನನಿಗೆ ತಲುಪಿಸಿದ್ದಳು. ಫೋನು ಕಾರಿನ ಸ್ಪೀಕರಿಗೆ ಜೋಡಣೆಯಾಗಿತ್ತು, ಕಾರಿಗೆ ಮಾಳಗಿಯಿರಲಿಲ್ಲ. ಬೈಲಹೊಂಗಲದ ಕಾಕಾನ ಧ್ವನಿ ಇಡೀ ಸಿಗ್ನಲಿಗೆ ಕೇಳಿತು.

“ಸಿದ್ದ್ಯಾ! ನಿಮ್ಮವ್ವ ಹೇಳಿದ್ಲು! ಮ್ಯಾಲ ಮಾಳಗಿ ಇಲ್ಲದ ಗಾಡಿ ತಗೊಂಡಿಯಂತ! ಅಳಬ್ಯಾಡ! ನಮ್ಮ ಟ್ರ್ಯಾಕ್ಟರಿನ ತಾಡಪತ್ರಿ ಐತಿ, ಹೊಸಾದೈತಿ, ಕೊರಿಯರ್ ಮಾಡ್ತೀನಿ!”

“ಕಾಕಾ, ಆಮ್ಯಾಲ ಮಾತಾಡ್ತೀನಿ…”

“ಅಳತಿ ಹೇಳು! ಎಷ್ಟ ಫೂಟ?”

ಪಕ್ಕದಲ್ಲಿ ಕೆಲಸಗಾರರ ಬಸ್ಸು ನಿಂತಿತ್ತು. ಕಿಟಕಿಯಿಂದ ಒಬ್ಬ ಕೆಳಗೆ ಬಗ್ಗಿ, “ಹದಿನಾಲ್ಕ ಬೈ ಆರು ಸಾಕಾಗತೈತಿ ಕಾಕಾ! ಕಣ್ಣಳತಿ!” ಎಂದು ಕೂಗಿದ. ರಾಯಚೂರ ಕಡೆಯವನಂತೆ. ದೇಶ ಬಿಟ್ಟು ಬಂದರೂ ಉಪಕಾರಬುದ್ಧಿ ಬಿಟ್ಟಿರಲಿಲ್ಲ. ಹಸಿರು ದೀಪ ಬಿದ್ದದ್ದೇ ಸಿದ್ದಪ್ಪ ಕಾರನ್ನು ಬಾಣದಂತೆ ಬಿಟ್ಟ.

ಬಾಣ ಬಹಳ ದೂರ ಹೋಗಲಿಲ್ಲ. ಬಿಸಿಲು ಬೀಳುತ್ತದೆಂದು ಬಸವ್ವ ಕೊಡೆ ಬಿಚ್ಚಿದಳು. ವೇಗ ಐವತ್ತು ದಾಟಿದರೆ ಕೊಡೆ ಮೇಲ್ಮುಖವಾಗಿ ಮಗುಚುತ್ತಿತ್ತು, ಬಸವ್ವ “ಹೋತೋ ನನ್ನ ಛತ್ರಿ!” ಎಂದು ಚೀರುತ್ತಿದ್ದಳು. ಹೀಗಾಗಿ ತಾಸಿಗೆ ಮುನ್ನೂರು ಕಿಲೋಮೀಟರ್ ಓಡಬಲ್ಲ ಆ ಯಂತ್ರ, ಎರಡೂ ಕಡೆ ಜೇನುಬಣ್ಣದ ಮರಳುದಿಬ್ಬಗಳು ಹರಡಿದ ಆ ಸುಂದರ ರಸ್ತೆಯಲ್ಲಿ, ಮೆರವಣಿಗೆಯ ಹಾಗೆ ನಲವತ್ತರಲ್ಲಿ ಸಾಗಿತು. ಹಿಂದೆ ವಿಲ್ಫ್ರೆಡ್ಡನ ಪಿಕಪ್ಪು. ಅದರ ಹಿಂದೆ ಹಾರ್ನು ಹೊಡೆಯುವ ಅರ್ಧ ದುಬೈ. ಸೈಕಲ್ ತುಳಿಯಲು ಬಂದ ಗೋರಾಗಳ ಗುಂಪೊಂದು ಕಾರನ್ನು ಹಿಂದೆ ಹಾಕಿ, ತಿರುಗಿ ಕೈಬೀಸಿ ಹೋಯಿತು.

ಸ್ವಲ್ಪದರಲ್ಲೇ ಪೊಲೀಸ್ ಜೀಪು ಬಂದು ಅಡ್ಡ ನಿಂತಿತು. ಇಳಿದವನು ಎಳೆಯ ಪ್ರಾಯದ ಅರಬ. ಅವನ ಹಿಂದಿ ಸಿದ್ದಪ್ಪನ ಹಿಂದಿಗಿಂತ ಚೊಕ್ಕವಾಗಿತ್ತು.

“ನನ್ನ ನೌಕರಿಯಲ್ಲಿ ಇಂಥ ಕಾರನ್ನು ನಿಧಾನ ಹೋಗಿದ್ದಕ್ಕೆ ನಿಲ್ಲಿಸಿದ್ದು ಇದೇ ಮೊದಲು” ಎಂದ ಅವನು. ನಂತರ ನಂಬರ್ ಪ್ಲೇಟಿನತ್ತ ಬಗ್ಗಿದ. “ಇದೇನು? ತರಕಾರಿಯೇ?”

“ನಜರ್ ಸಾಹೇಬರ, ನಜರ್. ಕೆಟ್ಟ ಕಣ್ಣು ಬೀಳಬಾರದಂತ ನಮ್ಮ ತಾಯಿ ಕಟ್ಟ್ಯಾಳ.”

ಪೊಲೀಸನ ಮುಖ ಅರಳಿತು. “ಕಣ್ಣು! ನನ್ನ ತಾಯಿಯೂ ಥೇಟ್ ಹೀಗೇ. ಯಾರಾದರೂ ನನ್ನ ಗಾಡಿ ಚೆನ್ನಾಗಿದೆ ಅಂದು ಮಾಶಾಲ್ಲಾ ಅನ್ನದಿದ್ದರೆ, ಅವತ್ತು ಗಾಡಿ ತೆಗೆಯಲು ಬಿಡುವುದಿಲ್ಲ. ಆದರೆ ನಂಬರ್ ಕಾಣಬೇಕಲ್ಲ, ಸ್ವಲ್ಪ ಪಕ್ಕಕ್ಕೆ ಕಟ್ಟಿ.” ಆಮೇಲೆ ಕೊಡೆಯ ಕೆಳಗಿನ ಬಸವ್ವನಿಗೆ ಎದೆಯ ಮೇಲೆ ಕೈಯಿಟ್ಟು, “ಸಲಾಂ, ಮಾಮಾ” ಎಂದ. ಅವರಲ್ಲಿ ಮಾಮಾ ಎಂದರೆ ಅಮ್ಮ.

“ನಾ ಇವಗ ಮಾಮಾ ಹೆಂಗಾದ್ನೋ?” ಎಂದಳು ಬಸವ್ವ. ಆದರೂ ಸಂಬಂಧ ಹೇಳಿ ಮಾತಾಡಿಸಿದವನನ್ನು ಬರಿಗೈಲಿ ಕಳಿಸುವ ಪೈಕಿಯಲ್ಲ ಅವಳು. ಗಂಟು ಬಿಚ್ಚಿ ಒಂದು ಶೇಂಗಾ ಹೋಳಿಗೆ ಕೊಟ್ಟಳು. ಪೊಲೀಸ್ ಅದನ್ನು ತಿಂದು, ಕಣ್ಣು ಮುಚ್ಚಿ ತೆರೆದು, ಹಿಂದೆ ಕಟ್ಟಿಕೊಂಡಿದ್ದ ವಾಹನಗಳನ್ನು ನೋಡಿ, ಹೊರಡಿ ಎಂಬಂತೆ ಕೈಬೀಸಿದ.

“ಯಲ್ಲಾ, ಮಾಮಾ! ಯಲ್ಲಾ, ಯಲ್ಲಾ!”

“ಎಲ್ಲಾ ಬೇಕಂತೋ!” ಎಂದಳು ಬಸವ್ವ. “ಪಾಪ, ಹಸದಾನ. ಬಿಸಲಾಗ ನಿಂತ ನೌಕರಿ.”

“ಯವ್ವಾ, ಹಂಗಲ್ಲ, ಅದು…”

ಅಷ್ಟರಲ್ಲಿ ಬಸವ್ವ ಇಳಿದಾಗಿತ್ತು. ಹೋಳಿಗೆಯ ಡಬ್ಬಿ, ಖಡಕ್ ರೊಟ್ಟಿಯ ಕಟ್ಟು, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಮೊಸರಿನ ಗಡಿಗೆ, ಎಲ್ಲವೂ ಒಂದೊಂದಾಗಿ ಜೀಪಿನ ಬಾನೆಟ್ಟಿನ ಮೇಲೆ ಸಾಲಾಗಿ ಕೂತವು. ಪೊಲೀಸ್ ಗಾಬರಿಯಿಂದ “ಯಲ್ಲಾ ಮಾಮಾ, ಯಲ್ಲಾ!” ಎಂದಷ್ಟೂ ಬಸವ್ವ “ಕೊಟ್ಟೆನೋ ಎಪ್ಪಾ, ಎಲ್ಲಾ ಕೊಟ್ಟೆ. ಇನ್ನ ಉಳಿದದ್ದು ಈ ಛತ್ರಿ ಒಂದ” ಎಂದಳು. ಹಿಂದಿನ ಪಿಕಪ್ಪಿನಿಂದ ದಾನೇಶ್ವರಿ, “ಅತ್ತೀ, ಚಟ್ನಿನೂ ಕೊಟ್ರ್ಯಾ?” ಎಂದು ಕೂಗಿದ್ದು ಮರುಭೂಮಿಯಲ್ಲಿ ಬಹಳ ದೂರ ಹೋಯಿತು.

ಬುತ್ತಿ ಹೋದ ಮೇಲೆ ಹಸಿವು ಬರುವುದು ನಿಯಮ. ಹನ್ನೊಂದು ಗಂಟೆಗೆ ರಸ್ತೆಯಿಂದ ಐವತ್ತು ಹೆಜ್ಜೆ ಆಚೆ, ಮರಳಿನ ಮೇಲೆ, ಚಹಾ ಮತ್ತು ಪರೋಟ ಮಾರುವ ಒಂದು ಗಾಡಿ ಕಂಡಿತು. ಸುತ್ತ ದೊಡ್ಡ ದೊಡ್ಡ ಜೀಪುಗಳು. ವಿಲ್ಫ್ರೆಡ್ ಯೋಚಿಸಲೇ ಇಲ್ಲ. ಬಿಳಿ ಪಿಕಪ್ಪು ಡಾಂಬರು ಇಳಿದು, ಎಮ್ಮೆ ಕೆರೆಗಿಳಿದ ಹಾಗೆ ಆರಾಮವಾಗಿ ಮರಳು ದಾಟಿ ಚಹಾದ ಪಕ್ಕ ನಿಂತಿತು.

“ಇಳಸು” ಎಂದಳು ಬಸವ್ವ.

“ಇದು ಉಸುಕಿನ್ಯಾಗ ಇಳಿಯಂಗಿಲ್ಲವ್ವಾ. ನಡಕೊಂಡ ಹೋಗೋಣು.”

“ಮಂದಿ ಗಾಡಿ ಹೋಗತೈತಿ, ನಿಂದು ಹೋಗಂಗಿಲ್ಲ? ಮಾಳಗಿ ಇಲ್ಲ, ಸೀಟ ಇಲ್ಲ, ನಡ್ಯಾಕೂ ಬರಂಗಿಲ್ಲ! ಏನೈತಿ ಇದರಾಗ?”

ಕಾನ್ರಾಡನ ನಾಲ್ಕು ಬೆರಳು ಸಿದ್ದಪ್ಪನ ಕಣ್ಣ ಮುಂದೆ ಬಂದವು. ಆದರೆ ನಲವತ್ತಾರು ವರ್ಷಗಳ ‘ಏನೈತಿ’ ಅವನ ಪಾದದಲ್ಲಿ ಕೂತು ಆಕ್ಸಿಲರೇಟರನ್ನು ಒತ್ತಿತು. ಕಾರು ಹುಲಿಯ ಹಾಗೆ ಗರ್ಜಿಸಿ, ಹತ್ತು ಹೆಜ್ಜೆ ಹೋಗಿ, ಹೊಟ್ಟೆ ಕೆಳಗೆ ಮಾಡಿ ಮಲಗಿತು. ಒತ್ತಿದಷ್ಟೂ ಒಳಗೆ ಹೋಯಿತು. ಸ್ಪೀಕರು ಮೊಳಗಿತು.

“ಸಿದ್ದಪ್ಪನವರೇ! ಕಾನ್ರಾಡ್! ಮೊಬೈಲಲ್ಲಿ ಗಾಡಿ ಡಾಂಬರಿನ ಹೊರಗೆ ಕಾಣ್ತದೆ! ನನಗೆ ಎದೆ ಡವಡವ ಹೇಳ್ತದೆ ಮಾರಾಯ್ರೆ!”

“ಯಾರೋ ಇಂವಾ? ಅಳಾಕತ್ತಾನಲ್ಲ?” ಎಂದಳು ಬಸವ್ವ.

“ಸರ್ವಿಸಿನವರವ್ವಾ. ಬಾಳ ಪ್ರೀತಿಯವರು.”

ಪರೋಟ ಬಿಟ್ಟು ವಿಲ್ಫ್ರೆಡ್ ಓಡಿ ಬಂದರು. ಪಿಕಪ್ಪಿನ ಹಿಂದೆ ದಪ್ಪ ಹಗ್ಗವಿತ್ತು. ಇರಲೇಬೇಕು, ಕಟ್ಟಿಟ್ಟವನು ಸಿದ್ದಪ್ಪನೇ ತಾನೆ? ಹಗ್ಗ ಬಿಗಿದು, ವಿಲ್ಫ್ರೆಡ್ ಗೇರು ಹಾಕಿದೊಡನೆ ಪಿಕಪ್ಪು ಒಮ್ಮೆ ಗುರ್ ಎಂದಿತು. ಕೆಂಪು ಕಾರು ಹಿಟ್ಟಿನ ಡಬ್ಬಿಯಿಂದ ಎದ್ದ ಇಲಿಯಂತೆ ಮೈತುಂಬ ಮರಳು ಹೊತ್ತು ಡಾಂಬರಿಗೆ ಬಂತು. ಚಹಾ ಕುಡಿಯುತ್ತಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ಬಸವ್ವ ಪಿಕಪ್ಪಿನ ಸುತ್ತ ಒಂದು ಪ್ರದಕ್ಷಿಣೆ ಬಂದಳು. ಗಾಲಿ ಮುಟ್ಟಿದಳು. ಒಳಗೆ ಮೂಸಿ ಒಂದು ಸೀನು ಸೀನಿದಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ಹೇಳಿದಳು:

“ವಿಲ್ಫ್ರೆಡ್ಡಪ್ಪಾ, ಗಾಡಿ ಅಂದ್ರ ನಿಂದು ನೋಡು. ಭಾಳ ಛಲೋ ಐತಿ. ಒಳಗ ಬ್ಯಾಡಗಿ ಮೆಣಸಿನಕಾಯಿ ವಾಸನಿ ಬರತೈತಿ, ಮನ್ಯಾಗ ಕುಂತಂಗ ಆಗತೈತಿ.”

ಸಿದ್ದಪ್ಪ ಯಾವ ಶಬ್ದಕ್ಕಾಗಿ ಜನ್ಮವಿಡೀ ಬಾಯಿಬಿಟ್ಟು ಕಾದಿದ್ದನೋ ಆ ಶಬ್ದ ಬಂದಿತ್ತು, ಅವನ ಗಾಡಿಗೇ ಬಂದಿತ್ತು, ಮತ್ತು ವಿಲ್ಫ್ರೆಡ್ಡನ ವಿಳಾಸಕ್ಕೆ ಹೋಗಿತ್ತು! ವಿಲ್ಫ್ರೆಡ್ ಸಂಕೋಚದಿಂದ, “ಎಂಥ ಬಸವ್ವಮ್ಮ, ಅಷ್ಟೆಲ್ಲ ಎಂಥದಿಲ್ಲ” ಎಂದರು. ಆ ವಿನಯವನ್ನು ಕಂಡು ಸಿದ್ದಪ್ಪನಿಗೆ ಅವರ ಕುತ್ತಿಗೆ ಹಿಚುಕುವ ಮನಸ್ಸಾಯಿತು.

ಆಗಲೇ ಬೆಳಗಿನ ಜೀಪು ಮರಳಿ ಬಂತು. ಪೊಲೀಸ್ ಖಾಲಿ ಡಬ್ಬಿಗಳನ್ನು ಒರೆಸಿ ಜೋಡಿಸಿ ತಂದಿದ್ದ. ಅವನೂ ಜೀಪಿನಲ್ಲಿದ್ದ ಜೊತೆಗಾರನೂ ಸೇರಿ ಎಲ್ಲವನ್ನೂ ಮುಗಿಸಿದ್ದರಂತೆ. ಒಂದೇ ಪ್ರಶ್ನೆ ಎಂದು ಸಿದ್ದಪ್ಪನನ್ನು ಪಕ್ಕಕ್ಕೆ ಕರೆದ. ಆ ಶೇಂಗಾದ ಪುಡಿ ಇನ್ನೂ ಇದೆಯೇ? ಸಿದ್ದಪ್ಪ ಕೈ ಮುಗಿದು, ತನಗೆ ಬರುವ ಅರಬ್ಬಿಯಲ್ಲಿ ‘ಇಲ್ಲ, ಮುಗಿಯಿತು’ ಎಂದ.

“ಮಾಫಿ, ಸಾಹೇಬರ, ಮಾಫಿ! ಖಲಾಸ್!”

ದೂರದಲ್ಲಿದ್ದ ಬಸವ್ವನಿಗೆ ಕಂಡದ್ದು ಪೊಲೀಸನ ಮುಂದೆ ಕೈಮುಗಿದು ನಿಂತ ಮಗ. ಕೇಳಿದ್ದು ‘ಮಾಫಿ, ಮಾಫಿ’. ಬೈಲಹೊಂಗಲದಲ್ಲಿ ಮಾಫಿ ಎಂದರೆ ಒಂದೇ ಅರ್ಥ, ಕ್ಷಮೆ. ಸೆರಗು ಸಿಕ್ಕಿಸಿ ಧಾವಿಸಿ ಬಂದು ಮಗನ ಕಿವಿ ಹಿಡಿದಳು.

“ಪೊಲೀಸನ ಮುಂದ ಮಾಫಿ ಕೇಳು ಅಂಥಾದ್ದೇನ ಮಾಡೀದಿ? ಖರೇ ಹೇಳು! ಈ ಗಾಡಿ ಕದ್ದಿಯೇನು?”

“ಇಲ್ಲವ್ವಾ!” ಸಿದ್ದಪ್ಪನಿಗೆ ಸಾಕಾಗಿಹೋಗಿತ್ತು. “ಕದ್ದಿಲ್ಲ, ಬಾಡಿಗಿ ತಂದೇನಿ! ಅಳಾಂವ ಮಾಲಕ! ನಾ ಮ್ಯಾನೇಜರ ಅಲ್ಲ, ಖಾರಪುಡಿ ಹೇರಾಂವ! ಆ ಬಿಳೀ ಗಾಡಿ ವಿಲ್ಫ್ರೆಡ್ ಅವರ್ದಲ್ಲ, ಹನ್ನೊಂದ ವರ್ಷದಿಂದ ನಾ ಹೊಡಿಯೂ ಗಾಡಿ, ನಂದು! ನೀ ಛಲೋ ಅಂದಿದ್ದು ನಂದಕ್ಕವ್ವಾ, ನಂದಕ್ಕ!”

ಕಿವಿ ಹಿಡಿದ ಕೈ ಸಡಿಲವಾಯಿತು. ಬಸವ್ವ ಪಿಕಪ್ಪನ್ನು ನೋಡಿದಳು, ಮಗನನ್ನು ನೋಡಿದಳು.

“ಹಂಗಾರ ಈ ಬಿಳೇದು ನಮ್ದೇನು?”

“ಹೂಂನವ್ವಾ.”

ಬಸವ್ವ ಮೂಗು ಮುರಿದಳು. “ಏನೈತಿ ಇದರಾಗ. ಹಿಂದ ಬಾಲ ಉದ್ದ ಆಗೇತಿ. ಬಿಳೀ ಬಣ್ಣ, ಹೊಲಸ ಹಿಡೀತೈತಿ.”

“ಯವ್ವಾ!” ಸಿದ್ದಪ್ಪನ ದನಿ ಒಡೆಯಿತು. “ಈಗರ ಭಾಳ ಛಲೋ ಐತಿ ಅಂದೆಲ್ಲ!”

“ಅಂದೆ. ಮಂದೀದಿದ್ದಾಗ ಅಂದೆ. ತನ್ನದಕ್ಕ ತಾನ ಛಲೋ ಅಂತಾರೇನೋ ಹುಚ್ಚಾ? ದೃಷ್ಟಿ ತಾಕತೈತಿ. ತಾಯಿ ಕಣ್ಣಂತೂ ಎಲ್ಲಾದಕ್ಕಿಂತ ಕೆಟ್ಟದ್ದು. ನಿನಗ ಒಂದ ಸಲರ ಛಲೋ ಅಂದೇನೇನು? ನಲವತ್ತಾರ ವರ್ಷಾತು, ಒಂದ ಜಡ್ಡಿಲ್ಲ, ಜ್ವರ ಇಲ್ಲ, ಗುಂಡಕಲ್ಲ ಇದ್ದಂಗ ಅದಿ. ಸುಮ್ಮನ ಆತೇನು? ಬಾಯಿ ಬಿಗಿಹಿಡಿದ ಸಾಕೇನಿ ನಿನ್ನ.”

ಸಿದ್ದಪ್ಪನ ಕಣ್ಣ ಮುಂದೆ ಫಸ್ಟ್ ಕ್ಲಾಸು, ಪೇಡೆ, ದಾನೇಶ್ವರಿಯ ಮೂಗು, ಎಲ್ಲ ‘ಏನೈತಿ’ಗಳೂ ಒಂದೊಂದಾಗಿ ಮಗುಚಿ ಬೇರೆ ಮುಖ ತೋರಿಸಿದವು. ಅವನಿಗೆ ಅಳುವೇ ಬಂತು, ನಾಚಿಕೆಯಿಲ್ಲದೆ ಅತ್ತ. ಅತ್ತೆಯ ಬಾಯಿಂದ ಹದಿನೈದು ವರ್ಷ ಬೈಸಿಕೊಂಡ ದಾನೇಶ್ವರಿಯೂ ಸೆರಗಿಗೆ ಮೂಗು ಒರೆಸಿದಳು. ಪೊಲೀಸನಿಗೆ ಅಭಿಜೀತ ಇಂಗ್ಲಿಷಿನಲ್ಲಿ ಸಾರಾಂಶ ಹೇಳಿದ. ಅವನು ಎದೆ ಮುಟ್ಟಿಕೊಂಡು “ಮಾಶಾಲ್ಲಾ” ಎಂದ.

ವಿಲ್ಫ್ರೆಡ್ ಒಬ್ಬರೇ ಲೆಕ್ಕ ಹಾಕುತ್ತ ನಿಂತಿದ್ದರು.

“ಹಾಗಾದ್ರೆ ಬಸವ್ವಮ್ಮ, ನಮ್ಮ ಪರದೆಗೆ ಛಲೋ ಹೇಳಿದ್ದು ನೀವಲ್ವಾ? ಕೋಲು ಕಿತ್ತು ನನ್ನ ತಲೆ ಮೇಲೆ ಬಿತ್ತಲ್ಲ ಮಾರಾಯ್ರೆ!”

“ನಿಮಗ್ಯಾರ ಲಿಂಬಿಹಣ್ಣ ಕಟ್ಟಬ್ಯಾಡ ಅಂದಿದ್ರು?” ಎಂದಳು ಬಸವ್ವ.

ಕೆಂಪು ಕಾರನ್ನು ತೊಳೆಸಿ ಕಾನ್ರಾಡನಿಗೆ ಒಪ್ಪಿಸುವ ಕೆಲಸ ವಿಲ್ಫ್ರೆಡ್ ವಹಿಸಿಕೊಂಡರು. ಕಪ್ಪು ಕನ್ನಡಕ ಹಾಕಿ ಅಭಿಜೀತನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೂರು ಸೆಲ್ಫಿ ತೆಗೆದು ಹೊರಟರು. ಬಸವ್ವ ನಂಬರ್ ಪ್ಲೇಟಿನ ನಿಂಬೆಹಣ್ಣನ್ನು ಮೊದಲೇ ಬಿಚ್ಚಿ ತಂದು, ಪಿಕಪ್ಪಿನ ಕನ್ನಡಿಗೆ ಕಟ್ಟಿ, ಸೀಟಿನಲ್ಲಿ ಎತ್ತರಕ್ಕೆ ಕೂತಳು. ಮೇಲೆ ಮಾಳಗಿಯಿತ್ತು. ಕೊಡೆ ಮಡಚಿದಳು. ಹಿಂದಿನ ಸೀಟಿನಲ್ಲಿ ಕೂತ ದಾನೇಶ್ವರಿ, ಯಲ್ಲಾ ಎಂದರೆ ನಡಿ ಎಂದರ್ಥ ಎಂದು ಈಗಲಾದರೂ ಅತ್ತೆಗೆ ತಿಳಿಸಿ ಹೇಳಿದಳು.

“ಹಂಗಾರ ಆ ಹುಡುಗ ಬುತ್ತಿ ಕೇಳೇ ಇಲ್ಲೇನು?” ಬಸವ್ವ ಖಾಲಿ ಡಬ್ಬಿಗಳತ್ತ ನೋಡಿದಳು. “ಇರಲಿ, ಉಂಡಾನ. ಯಲ್ಲಾ.”

ಪಿಕಪ್ಪು ಹೊರಟಿತು. ದಿಬ್ಬ ದಾಟಿದರೆ ದಿಬ್ಬ, ನಡುವೆ ಒಂಟೆಗಳ ಸಾಲು.

“ಮರುಭೂಮಿ ಹೆಂಗೈತವ್ವಾ?” ಎಂದು ಕೇಳಿದ ಸಿದ್ದಪ್ಪ.

“ಛಲೋ ಐತಿ.”

“ಮತ್ತ ನಾ ಗಾಡಿ ಹೊಡಿಯೂದು?”

ಬಸವ್ವ ಮಗನ ಕಡೆ ನೋಡಲಿಲ್ಲ, ಕಿಟಕಿಯಿಂದ ಹೊರಗೇ ನೋಡುತ್ತಿದ್ದಳು.

“ಏನೈತಿ ಅದರಾಗ” ಎಂದಳು.

ಸಿದ್ದಪ್ಪ ಆ ಮಾತನ್ನು ಇನ್ನೊಮ್ಮೆ ಹೇಳಿಸಿಕೊಳ್ಳಲು, ಮನೆ ಮುಟ್ಟುವವರೆಗೆ ಅದೇ ಪ್ರಶ್ನೆಯನ್ನು ನಾಲ್ಕು ಸಲ ಕೇಳಿದ.